ಚಂದ್ರಾಬಾಯಿಯ ಕೆಲಸದ ಖಾನೆ

ಕಳೆದ ತಿಂಗಳು ಬಸವಕಲ್ಯಾಣದ ಕಾಲೇಜೊಂದರಲ್ಲಿ ಹೆಂಗಸರ ಸ್ಥಿತಿಗತಿಯ ಬಗ್ಗೆ ಒಂದು ಚರ್ಚೆ ನಡೆಯಿತು. ಊರಿನ ಹಳೆಯ ಶಿಕ್ಷಕಿ ಎಂದು ನನ್ನನ್ನೂ ಕರೆದು ಮುಂದಿನ ಸಾಲಿನಲ್ಲಿ ಕೂರಿಸಿದ್ದರು. ಮೈ ಮಾರಿ ಬದುಕುವ ಹೆಣ್ಣಿಗೆ ಆ ವೃತ್ತಿ ಬಲ ಕೊಡುತ್ತದೆಯೇ, ಇದ್ದ ಬಲವನ್ನೂ ಕಸಿಯುತ್ತದೆಯೇ ಎಂಬುದು ವಿಷಯ. ಹೊರಗಿನಿಂದ ಬಂದ ಇಬ್ಬರು ವಿದುಷಿಯರು ಮಾತನಾಡಿದರು. ಅದು ದುಡಿಮೆಯೇ ಅಲ್ಲ, ಹಿಂಸೆ ಎಂದರು ಮೊದಲನೆಯವರು. ಅದೂ ದುಡಿಮೆಯೇ, ಹಾಗೆಂದು ಒಪ್ಪದಿರುವುದೇ ಹಿಂಸೆ ಎಂದರು ಎರಡನೆಯವರು. ಇಬ್ಬರ ಕೈಯಲ್ಲೂ ಪುರಾವೆಯಾಗಿ ಇದ್ದದ್ದು ಒಂದೇ ಕಾಗದ. ಹುಮನಾಬಾದಿನಲ್ಲಿ ಹಿಂದೆ ಇದ್ದ ಮಹಿಳಾ ಮಂಡಳಿಯೊಂದರ ವಾರ್ಷಿಕ ವರದಿ ಅದು. ೧೯೮೧ರಲ್ಲಿ ಒಬ್ಬ ಹೆಂಗಸು ತನ್ನ ವೃತ್ತಿ ತೊರೆದು ಹೊಲಿಗೆ ಯಂತ್ರ ಪಡೆದಳೆಂದು ಅದರಲ್ಲಿ ಒಂದು ಸಾಲು ಅಚ್ಚಾಗಿದೆ. ಮೊದಲನೆಯವರ ಪಾಲಿಗೆ ಅವಳು ನರಕದಿಂದ ಪಾರಾದವಳು. ಎರಡನೆಯವರ ಪಾಲಿಗೆ ಶೀಲವಂತರ ಒತ್ತಡಕ್ಕೆ ಸಿಕ್ಕಿ ಸ್ವಂತ ದುಡಿಮೆ ಕಳೆದುಕೊಂಡವಳು.

ಅಧ್ಯಕ್ಷರು ನನಗೂ ಎರಡು ಮಾತು ಹೇಳಲು ಸೂಚಿಸಿದರು. ಎರಡು ಮಾತಿನಲ್ಲಿ ಮುಗಿಯುವ ಸಂಗತಿ ಅದಲ್ಲವಾದ್ದರಿಂದ ಕೈಮುಗಿದು ಸುಮ್ಮನೆ ಕುಳಿತೆ. ಆ ಸಾಲಿನ ಹಿಂದೆ ಇದ್ದದ್ದು ಒಬ್ಬ ಹೆಂಗಸಲ್ಲ, ಇಬ್ಬರು. ಒಂದೇ ಸೂರಿನ ಕೆಳಗಿದ್ದ ಅವರಿಬ್ಬರಲ್ಲೇ ಈ ವಿಷಯದಲ್ಲಿ ಒಮ್ಮತವಿರಲಿಲ್ಲ. ಅವರ ಜಗಳಕ್ಕೆ ನಾನು ಸಾಕ್ಷಿಯಾಗಿದ್ದೆ. ಆಮೇಲೆ ನಡೆದ ಅನರ್ಥಕ್ಕೆ ಕಾರಣಳೂ ಆದೆ. ಅದನ್ನು ಇಲ್ಲಿ ಕ್ರಮವಾಗಿ ಬರೆದಿಡುತ್ತೇನೆ.

ನಾನು ನಿಜಾಮರ ಕಾಲದಲ್ಲಿ ಉರ್ದುವಿನಲ್ಲಿ ನಾಲ್ಕನೆಯ ಜಮಾತಿನವರೆಗೆ ಓದಿದವಳು. ೧೯೫೬ರಲ್ಲಿ ನಮ್ಮ ಜಿಲ್ಲೆ ಕನ್ನಡ ನಾಡಿಗೆ ಸೇರಿದ ಮೇಲೆ, ಮನೆಯಲ್ಲಿ ಹುಟ್ಟಿನಿಂದ ಆಡುತ್ತಿದ್ದ ಭಾಷೆಯನ್ನು ಬರೆಯುವುದಕ್ಕೆ ಕಲಿತೆ. ಕಲಿಸಿದವರು ಯಾರೂ ಇಲ್ಲ. ಕಿರಾಣಿ ಸಾಮಾನು ಕಟ್ಟಿಕೊಟ್ಟ ಹಳೆಯ ಪತ್ರಿಕೆಗಳ ಹಾಳೆಗಳೇ ನನ್ನ ಪಾಠ. ಒಂದೇ ಘಟನೆಯನ್ನು ಎರಡು ಪತ್ರಿಕೆಗಳು ಎರಡು ಬಗೆಯಲ್ಲಿ ಬರೆದದ್ದನ್ನು ಆಗಲೇ ಕಂಡಿದ್ದರಿಂದ, ಅಚ್ಚಾದದ್ದನ್ನು ಕೂಡಲೇ ನಂಬುವ ಅಭ್ಯಾಸ ನನಗೆ ಬರಲೇ ಇಲ್ಲ. ಖಾಸಗಿಯಾಗಿ ಪರೀಕ್ಷೆಗೆ ಕಟ್ಟಿ ಮೆಟ್ರಿಕ್ ಮುಗಿಸಿದೆ. ಮದುವೆಯಾಗಲಿಲ್ಲ. ೧೯೮೧ರಲ್ಲಿ ಹುಮನಾಬಾದಿನ ಒಂದು ಕನ್ಯಾ ಶಾಲೆಯಲ್ಲಿ ಶಿಕ್ಷಕಿಯಾಗಿದ್ದೆ. ತಾಯಿ ಬಸವಕಲ್ಯಾಣದ ಮನೆಯಲ್ಲಿದ್ದಳು. ಶನಿವಾರ ಮಧ್ಯಾಹ್ನದ ಬಸ್ಸಿಗೆ ಹೋಗಿ ಸೋಮವಾರ ಬೆಳಗಿನ ಬಸ್ಸಿಗೆ ಮರಳುತ್ತಿದ್ದೆ.

ಆ ವರ್ಷ ಜನಗಣತಿ. ಫೆಬ್ರವರಿ ತಿಂಗಳು, ಚಳಿ ಬಿಟ್ಟು ಬಿಸಿಲು ಏರುವ ಹೊತ್ತು. ಹೊಲಗಳಲ್ಲಿ ಬಿಳಿಜೋಳ ಕೊಯ್ಲಿಗೆ ಬಂದಿತ್ತು, ಕುಸುಬೆ ಒಣಗಿ ಮುಳ್ಳು ಬಿಚ್ಚಿತ್ತು. ಮೂಡಣ ಗಾಳಿಗೆ ಹೆದ್ದಾರಿಯ ಧೂಳು ಎದ್ದು ಊರಿನೊಳಗೆ ಬಂದು ಬೀಳುತ್ತಿತ್ತು. ಶಿಕ್ಷಕರಿಗೆಲ್ಲ ಓಣಿಗಳನ್ನು ಹಂಚಲಾಯಿತು. ಹೈದರಾಬಾದಿಗೂ ಸೊಲ್ಲಾಪುರಕ್ಕೂ ಹೋಗುವ ಲಾರಿಗಳು ನಿಲ್ಲುವ ಜಾಗದ ಹಿಂದೆ, ಪಂಕ್ಚರ್ ಅಂಗಡಿಗಳನ್ನು ದಾಟಿದರೆ ಒಂದು ಸಣ್ಣ ಓಣಿ ಇತ್ತು. ಊರಿನವರು ಅದನ್ನು ಹೆಸರಿಟ್ಟು ಕರೆಯದೆ ‘ಆ ಲೈನು’ ಎನ್ನುತ್ತಿದ್ದರು. ಅಲ್ಲಿಯ ಗಣತಿಗೆ ಹೋಗಲು ಯಾರೂ ಒಪ್ಪಲಿಲ್ಲ.

“ಅಲ್ಲಿಗೆ ನಾವು ಹ್ಯಾಂಗ ಹೋಗೋದ್ರಿ ಸರ?” ಎಂದರು ಒಬ್ಬ ತರುಣ ಶಿಕ್ಷಕರು. “ಫಾರಂ ತುಂಬಾಕ ಹೋಗಿದ್ದೆ ಅಂದ್ರ ನಮ್ಮ ಮನ್ಯಾಗ ನಂಬ್ತಾರೇನು?”

ಎಲ್ಲರೂ ನಕ್ಕರು. ಗಣತಿಯ ಮೇಲ್ವಿಚಾರಕರಾಗಿದ್ದವರು ಗುರುನಾಥ ಮಾಸ್ತರರು, ಇನ್ನೊಂದು ಶಾಲೆಯ ಹಿರಿಯ ಶಿಕ್ಷಕರು. ಅವರು ಪಟ್ಟಿಯಿಂದ ಮುಖವೆತ್ತಿ ನನ್ನ ಕಡೆ ನೋಡಿದರು. “ಬಾಯಾರ, ನೀವೇ ಹೋಗ್ರಿ. ನಿಮ್ಮನ್ನ ಕೇಳಾವ್ರು ಯಾರೂ ಇಲ್ಲ.”

ಅವಮಾನಿಸಬೇಕೆಂದು ಅವರು ಹಾಗೆ ಹೇಳಿದ್ದಲ್ಲ. ಕೇಳುವವರಿಲ್ಲದ ಹೆಂಗಸರ ಬಳಿಗೆ ಕೇಳುವವರಿಲ್ಲದ ಹೆಂಗಸೇ ಹೋಗಲಿ ಎಂಬುದು ಅವರ ತರ್ಕ. ನಾನು ಫಾರಮುಗಳನ್ನು ತೆಗೆದುಕೊಂಡೆ.

ಹಿಂದಿನ ವರ್ಷ ಮನೆಗಳನ್ನು ಪಟ್ಟಿ ಮಾಡಿ ಹೋಗಿದ್ದವರು ದಕ್ಷಿಣದ ಜಿಲ್ಲೆಯಿಂದ ಬಂದಿದ್ದ ಒಬ್ಬ ನೌಕರರು. ಅವರ ಪಟ್ಟಿಯಲ್ಲಿ ಆ ಲೈನಿನ ಮೂರನೆಯ ಮನೆಯ ಯಜಮಾನನ ಹೆಸರು ಮಲ್ಲಣ್ಣ, ಗಂಡಸು ಎಂದಿತ್ತು. ಕಲ್ಲಿನ ಗೋಡೆ, ತಗಡಿನ ಮಾಡು, ಮುಂದೆ ಸಾರಿಸಿದ ಕಟ್ಟೆ. ಲೈನಿನ ಉಳಿದ ಮನೆಗಳಿಗಿಂತ ಗಟ್ಟಿಯಾದ ಮನೆ. ಕಟ್ಟೆಯ ಮೇಲೆ ಐವತ್ತರ ಆಸುಪಾಸಿನ ಒಬ್ಬ ಹೆಂಗಸು ಮೊರದಲ್ಲಿ ಜೋಳ ಕೇರುತ್ತಿದ್ದಳು. ದೊಡ್ಡ ಕುಂಕುಮ, ಕೈತುಂಬ ಹಸಿರು ಬಳೆ.

“ಮಲ್ಲಣ್ಣ ಅವರು ಅದಾರೇನ್ರಿ?” ಎಂದು ಕೇಳಿದೆ.

“ಅದಾನ್ರಿ. ಎಲ್ಲಿ ಹೋಗ್ತಾನ?”

“ಜರಾ ಕರೀರಿ. ಮನಿ ಯಜಮಾನರನ್ನ ಕೇಳಿ ಬರಕೋಬೇಕು.”

“ನಾ ಕರದ್ರ ಬರಂಗಿಲ್ರಿ. ನೀವೇ ಒಳಗ ಬರ್ರಿ ಅಕ್ಕೋರ.”

ಒಳಗೆ ಹೋದೆ. ಗೋಡೆಯ ಗೂಡಿನಲ್ಲಿ ಅಂಗೈಯಗಲದ ಹಿತ್ತಾಳೆಯ ಮೂರ್ತಿ, ಅದರ ಮುಂದೆ ಅರಿಸಿನದ ಭಂಡಾರ. ಮೈಲಾರದ ಮಲ್ಲಣ್ಣ. ನಮ್ಮ ಸೀಮೆಯಲ್ಲಿ ಕೆಲವು ಮನೆತನಗಳವರು ಒಬ್ಬ ಮಗಳನ್ನು ಈ ದೇವರಿಗೆ ಬಿಡುತ್ತಿದ್ದರು. ಅವಳನ್ನು ಮುರಳಿ ಎನ್ನುತ್ತಾರೆ. ಅವಳಿಗೆ ದೇವರೇ ಗಂಡ, ಆದ್ದರಿಂದ ಊರಿನಲ್ಲಿ ಬೇರೆ ಗಂಡ ಇರುವುದಿಲ್ಲ. ಉಳಿದದ್ದನ್ನು ಊರಿನ ಗಂಡಸರು ನೋಡಿಕೊಳ್ಳುತ್ತಿದ್ದರು. ನನಗೆ ಇದು ತಿಳಿದ ವಿಷಯ. ದಕ್ಷಿಣದ ಆ ನೌಕರರಿಗೆ ತಿಳಿದಿರಲಿಲ್ಲ.

“ಆ ಸಾಹೇಬ್ರು ನಿನ್ನ ಯಜಮಾನ ಯಾರು ಅಂದ್ರು. ಯಾರಿಗೆ ನನ್ನ ಬಿಟ್ಟಾರ ಅವನ ಹೆಸರು ಹೇಳ್ದೆ. ಬರಕೊಂಡು ಹ್ವಾದ್ರು. ಗಲತ್ ಆತೇನ್ರಿ?”

“ದೇವರನ್ನ ಎಣಸಂಗಿಲ್ರಿ.”

“ಎಣಸ್ರಿ ಅಕ್ಕೋರ. ಈ ಮನ್ಯಾಗ ದಿನಾ ಕೂತಿರೂ ಗಂಡಸು ಅವನೊಬ್ಬನೇ.”

ನಗು ತಡೆಯಲಾಗಲಿಲ್ಲ. ಮಲ್ಲಣ್ಣನನ್ನು ಹೊಡೆದುಹಾಕಿ, ಮನೆಯ ಯಜಮಾನಿ ಎಂದು ಅವಳ ಹೆಸರು ಬರೆದೆ: ಚಂದ್ರಾಬಾಯಿ. ಅದನ್ನು ಎರಡು ಸಲ ಓದಿಸಿಕೊಂಡಳು. ಇಂಥ ಕಾಗದದಲ್ಲಿ ತನ್ನ ಹೆಸರು ಮೊದಲನೆಯ ಸಾಲಿನಲ್ಲಿ ಬಂದದ್ದು ಇದೇ ಮೊದಲು ಎಂದಳು.

ಆ ಹೊತ್ತಿಗೆ ಇನ್ನೊಬ್ಬಳು ನೀರಿನ ಕೊಡ ಹೊತ್ತು ಬಂದಳು. ಚಂದ್ರಾಬಾಯಿಯ ತಮ್ಮನ ಮಗಳು, ಶಾಂತಾ, ಇಪ್ಪತ್ಮೂರು ವರ್ಷ. ಊರು ಮಂಠಾಳ. ಏಳನೆಯ ಇಯತ್ತೆ ಪಾಸಾಗಿದ್ದಳು. ಗಂಡ ಇನ್ನೊಬ್ಬಳನ್ನು ತಂದಿಟ್ಟುಕೊಂಡ ಮೇಲೆ, ತವರಿನಲ್ಲಿ ಜಾಗವಿಲ್ಲದೆ, ಒಂದು ವರ್ಷದ ಹಿಂದೆ ಅತ್ತೆಯ ಬಳಿಗೆ ಬಂದಿದ್ದಳು. ಅಡುಗೆ, ನೀರು, ಕಸ ಅವಳದು; ಯಾರಾದರೂ ಕರೆದರೆ ಜೋಳ ಕೊಯ್ಯಲು ಹೋಗುತ್ತಿದ್ದಳು. ಅತ್ತೆಯ ಕೆಲಸಕ್ಕೆ ಅವಳು ಇಳಿದಿರಲಿಲ್ಲ. ಮಹಿಳಾ ಮಂಡಳಿಯವರು ಜೂನಿನಲ್ಲಿ ಹತ್ತಿರದ ಓಣಿಯಲ್ಲಿ ಬಾಲವಾಡಿ ತೆರೆಯುವವರಿದ್ದರು. ಅಲ್ಲಿ ಮಕ್ಕಳನ್ನು ನೋಡಿಕೊಳ್ಳುವ ಆಯಾ ಕೆಲಸಕ್ಕೆ ಅವಳು ಅರ್ಜಿ ಕೊಟ್ಟಿದ್ದಳು, ಅವಳಿರುವ ಮನೆ ಯಾವುದೆಂದು ಕೇಳದೆಯೇ ಮಂಡಳಿಯವರು ಹೆಚ್ಚು ಕಡಿಮೆ ಒಪ್ಪಿದ್ದರು. ಅವಳ ಇಡೀ ಬದುಕು ಆಗ ಆ ಒಂದು ಕೆಲಸದ ಮೇಲೆ ನಿಂತಿತ್ತು.

ವಯಸ್ಸು, ಓದು, ಹುಟ್ಟಿದ ಊರು ಎಲ್ಲ ಮುಗಿದು ಕೆಲಸದ ಖಾನೆಗೆ ಬಂದೆ. ಹೋದ ವರ್ಷ ದುಡಿದಿದ್ದೀರಾ, ದುಡಿದಿದ್ದರೆ ಏನು ಎಂಬುದು ಪ್ರಶ್ನೆ.

“ದುಡಿದೀನಿ,” ಎಂದಳು ಚಂದ್ರಾಬಾಯಿ. “ನಂದು ಧಂದಾ ಅದ. ಇದೇ ಬರೀರಿ.”

“ಅದನ್ನ ಬರೀಬ್ಯಾಡ್ರಿ ಅಕ್ಕೋರ,” ಎಂದಳು ಶಾಂತಾ. ಕೊಡ ಇನ್ನೂ ಸೊಂಟದ ಮೇಲೇ ಇತ್ತು.

“ಯಾಕ ಬರೀಬಾರದು? ತಮ್ಮನ ಎರಡು ಹೆಣ್ಣುಮಕ್ಕಳ ಲಗ್ನ ಇದರಾಗೇ ಆಗ್ಯಾವ. ಒಂದು ನಿಂದು. ಈ ಗ್ವಾಡಿ ಇದರಾಗೇ ಎದ್ದದ. ಉಣ್ಣೂವಾಗ ದುಡಿಮಿ, ಬರಿಯೂವಾಗ ಅಲ್ಲೇನು?”

“ಉಂಡೀನಿ, ಇಲ್ಲ ಅನ್ನಂಗಿಲ್ಲ. ಆದ್ರ ಕುಡದು ಬಂದವ ನಿನಗ ಹೊಡದ ದಿವಸ ಬಾಗಿಲಾ ಮುರದು ನಿನ್ನ ಎಳಕೊಂಡಾಕಿ ನಾನು. ಅವತ್ತು ನೀ ದುಡಿಮಿ ಅಂದಿಲ್ಲ ಅತ್ತಿ. ನನ್ನ ಕರ್ಮ ಅಂದಿ.”

“ಹೊಲಕ್ಕ ಹೋದಾಕಿಗೂ ಚೇಳು ಕಡೀತದ. ಅದಕ್ಕ ಹೊಲದ ಕೆಲಸ ಕೆಲಸ ಅಲ್ಲೇನು?”

“ಹೊಲದಾಗಿನ ಚೇಳು ಮುಂದಿನ ವಾರ ನನ್ನ ಹೆಸರು ಕೇಳಕೋತ ಮನೀಗೆ ಬರಂಗಿಲ್ಲ.”

ಚಂದ್ರಾಬಾಯಿ ನನ್ನ ಕಡೆ ತಿರುಗಿದಳು. “ನೋಡ್ರಿ, ಏಳನೇತ್ತೆ ಓದಿಸಿದ್ದಕ್ಕ ಬಾಯಿ ಹ್ಯಾಂಗ ಬಂದದ.” ಆಮೇಲೆ ಗಂಭೀರವಾಗಿ ಕೇಳಿದಳು: “ದುಡಿಮಿ ಇಲ್ಲ ಅಂತ ಬರದ್ರ ನನ್ನನ್ನ ಯಾರ ಸಾಲಿನ್ಯಾಗ ಹಾಕ್ತೀರಿ?”

ಸಂಬಳವಿಲ್ಲದೆ ಮನೆಗೆಲಸ ಮಾಡುವ ಹೆಂಗಸರನ್ನು ದುಡಿಯದವರ ಸಾಲಿಗೆ ಹಾಕುತ್ತೇವೆ ಎಂದೆ. ನನ್ನ ತಾಯಿಯೂ ಅದೇ ಸಾಲಿನಲ್ಲಿದ್ದಳು.

“ಹೌದೇನು? ಹಂಗಾರ ಊರ ಗೌಡಶಾನಿನೂ ನಾನೂ ಒಂದೇ ಸಾಲಿನ್ಯಾಗ ಕುಂತ್ವಿ!” ಎಂದು ಚಂದ್ರಾಬಾಯಿ ತೊಡೆ ತಟ್ಟಿ ನಕ್ಕಳು. “ಆಕಿಗೆ ಹೇಳಬ್ಯಾಡ್ರಿ ಅಕ್ಕೋರ. ಮೂರು ಸಲ ತೆಲಿಮ್ಯಾಗ ನೀರು ಹಾಕ್ಕೋತಾಳ.”

ಶಾಂತಾ ನಗಲಿಲ್ಲ. ಕೊಡ ಇಳಿಸಿ ನನ್ನೆದುರಿಗೆ ಕುಳಿತಳು. “ನಾ ಅತ್ತಿಗೆ ಕೆಟ್ಟಾಕಿ ಅನ್ನಾಕತ್ತಿಲ್ರಿ. ಮನ್ಯಾಗ ಧಂದಾ ಅದ ಅಂತ ಕಾಗಜದಾಗ ಬಂತು ಅಂದ್ರ, ಅದೇ ಮನ್ಯಾಗಿನ ಇನ್ನೊಬ್ಬಾಕಿ ಆ ಕೆಲಸ ಮಾಡಂಗಿಲ್ಲ ಅಂದ್ರ ಯಾರು ನಂಬ್ತಾರ? ಬಾಲವಾಡಿ ಆಗೂತನಕ ಸುಮ್ಮನಿರ್ರಿ. ಆಮ್ಯಾಲೆ ಏನರ ಬರಕೋರಿ.”

“ಈ ಕಾಗದ ಯಾರ ಕಣ್ಣಿಗೂ ಬೀಳಂಗಿಲ್ಲ ತಂಗಿ. ಹಂಗಂತ ಕಾಯ್ದೆ ಅದ. ನನ್ನ ಮ್ಯಾಲೆ ಭರೋಸಾ ಇಡು.”

ಹಾಗೆಂದು ಭರವಸೆ ಕೊಟ್ಟು, ಇಬ್ಬರಿಗೂ ಅವರವರ ಮಾತಿನಂತೆಯೇ ಬರೆದೆ. ಚಂದ್ರಾಬಾಯಿ ದುಡಿಯುವವಳು, ಅವಳ ವೃತ್ತಿ ಅವಳದೇ ಶಬ್ದದಲ್ಲಿ. ಶಾಂತಾ ಹೊಲದ ಕೂಲಿ. ಇಬ್ಬರಿಗೂ ನ್ಯಾಯ ಸಲ್ಲಿಸಿದೆನೆಂಬ ತೃಪ್ತಿ ನನಗಿತ್ತು.

ನಾನು ಹುಟ್ಟಿ ಬೆಳೆದ ಕಲ್ಯಾಣದಲ್ಲಿ ಕಾಯಕ ಎಂಬ ಮಾತು ಮಕ್ಕಳ ಕಿವಿಗೂ ಬೀಳುತ್ತದೆ. ಎಲ್ಲ ಕಾಯಕವೂ ಸಮ ಎಂದು ಭಾಷಣಗಳಲ್ಲಿ ಕೇಳಿಕೊಂಡೇ ದೊಡ್ಡವಳಾದೆ. ಆ ಮಾತಿನಲ್ಲಿ ಚಂದ್ರಾಬಾಯಿ ಸೇರುತ್ತಾಳೋ ಇಲ್ಲವೋ ಎಂದು ಯಾರನ್ನೂ ಕೇಳಿರಲಿಲ್ಲ. ಆ ವಾರವೆಲ್ಲ ಅದನ್ನೇ ಯೋಚಿಸಿದೆ. ಸೇರುತ್ತಾಳೆ ಎಂದರೆ ಬಾಗಿಲು ಮುರಿದ ಶಾಂತಾ ಎದುರಿಗೆ ಬಂದು ನಿಲ್ಲುತ್ತಿದ್ದಳು. ಇಲ್ಲ ಎಂದರೆ ಗೋಡೆ ತೋರಿಸುತ್ತ ಚಂದ್ರಾಬಾಯಿ. ಒಂದು ಮಾತನ್ನಂತೂ ನಿಶ್ಚಯ ಮಾಡಿಕೊಂಡೆ. ಏನು ಬರೆಯಬೇಕೆಂಬುದನ್ನು ಅವಳು ಹೇಳಿದ್ದಾಳೆ. ಅದನ್ನು ನಾನು ತಿದ್ದುವುದಿಲ್ಲ.

ತಿಂಗಳ ಕೊನೆಯಲ್ಲಿ ಶಾಲೆಯ ಪಡಸಾಲೆಯಲ್ಲಿ ಫಾರಮುಗಳ ಪರಿಶೀಲನೆ ನಡೆಯಿತು. ಹತ್ತು ಹನ್ನೆರಡು ಶಿಕ್ಷಕರು ಚಾಪೆಯ ಮೇಲೆ ಕುಳಿತಿದ್ದರು. ಗುರುನಾಥ ಮಾಸ್ತರರು ನನ್ನ ಕಟ್ಟು ತಿರುವುತ್ತ ಒಂದು ಹಾಳೆಗೆ ನಿಂತರು.

“ಬಾಯಾರ, ಇದು ಗಲತ್ ಅದ. ಇಂಥವರು ದುಡಿಯೂವರಾಗ ಬರಂಗಿಲ್ಲ. ಭಿಕ್ಷಾ ಬೇಡೂವರು ಇರ್ತಾರಲ್ಲ, ಆ ಗುಂಪಿಗೆ ಹಾಕ್ರಿ. ಮ್ಯಾಲಿಂದ ಹಂಗ ಹೇಳ್ಯಾರ.”

ಮೇಲಿನವರು ನಿಜವಾಗಿ ಹಾಗೆ ಹೇಳಿದ್ದರೋ, ಅದು ಮಾಸ್ತರರ ತಿಳಿವಳಿಕೆಯೋ ಎಂದು ಇವತ್ತು ಪ್ರಮಾಣ ಮಾಡಿ ಹೇಳಲಾರೆ. ನನ್ನ ಕಿವಿಗೆ ಬಿದ್ದದ್ದನ್ನು ಬರೆಯುತ್ತಿದ್ದೇನೆ.

“ಆಕಿ ಯಾರ ಮುಂದೂ ಕೈ ಚಾಚಿಲ್ರಿ. ಆಕಿನ್ನ ಭಿಕ್ಷುಕಿ ಅಂತ ಹ್ಯಾಂಗ ಬರೀಲಿ?”

“ಮತ್ತ ದುಡಿಮಿ ಅಂತ ಬರೀತೀರೇನು? ನಾಳೆ ಕಳ್ಳನೂ ನಂದು ದುಡಿಮಿ ಅಂತಾನ, ಬರಕೋತೀರೇನು?”

“ಕಳ್ಳಗ ಮನಿ ಮಾಲಕ ಕರದು ರೊಕ್ಕಾ ಕೊಡಂಗಿಲ್ಲ.”

ಯಾರೋ ಕಿಸಕ್ಕನೆ ನಕ್ಕರು. ಮಾಸ್ತರರ ಮುಖ ಕೆಂಪಾಯಿತು, ನನ್ನ ಹಟ ಏರಿತು. ಆಮೇಲೆ ಆಡಿದ್ದೆಲ್ಲ ಗಟ್ಟಿ ಧ್ವನಿಯಲ್ಲಿ. ಚಂದ್ರಾಬಾಯಿಯ ಹೆಸರು ಹೇಳಿದೆ, ಮನೆ ಯಾವುದೆಂದು ಹೇಳಿದೆ, ಅವಳು ಕಟ್ಟಿದ ಗೋಡೆ, ಮಾಡಿದ ಮದುವೆಗಳನ್ನು ವಿವರಿಸಿದೆ. ಒಂದೇ ಮನೆಯ ಇಬ್ಬರು ಹೆಂಗಸರು ತಮ್ಮ ತಮ್ಮ ಕೆಲಸದ ಬಗ್ಗೆ ಬೇರೆ ಬೇರೆ ಹೇಳಿಕೆ ಕೊಟ್ಟಿದ್ದಾರೆ, ಇಬ್ಬರದನ್ನೂ ಹಾಗೆಯೇ ದಾಖಲಿಸಿದ್ದೇನೆ, ಇದಕ್ಕಿಂತ ಪ್ರಾಮಾಣಿಕ ಗಣತಿ ಯಾವುದು ಎಂದು ವಾದಿಸಿದೆ. ಇನ್ನೊಬ್ಬಳು ಯಾರು ಎಂದು ಒಬ್ಬರು ಕೇಳಿದರು. ಶಾಂತಾ ಎಂದೆ. ಹೇಳಿದ್ದು ನಾನೇ, ನನ್ನ ಬಾಯಿಂದಲೇ.

ವಾದದಿಂದ ದೊರೆತದ್ದು ಏನೂ ಇಲ್ಲ. ನಾನು ತಿದ್ದಲು ಒಪ್ಪದಿದ್ದುದರಿಂದ ಗುರುನಾಥ ಮಾಸ್ತರರು ಬೇರೆ ಹಾಳೆ ತೆಗೆದು ಸ್ವತಃ ಬರೆದರು. ಚಂದ್ರಾಬಾಯಿ ಭಿಕ್ಷುಕರ ಗುಂಪಿಗೆ ಹೋದಳು. ನಾನು ಆ ಹಾಳೆಗೆ ದಸ್ತಖತ್ ಹಾಕಲಿಲ್ಲ, ಅದೂ ಅವರೇ ಹಾಕಿದರು. ಅವರ ಹೆಂಡತಿ ಮಹಿಳಾ ಮಂಡಳಿಯ ಕಾರ್ಯದರ್ಶಿ ಎಂಬುದು ನನಗೆ ಗೊತ್ತಿದ್ದ ಸಂಗತಿಯೇ. ವಾದದ ಬಿಸಿಯಲ್ಲಿ ಅದು ನೆನಪಿಗೆ ಬರಲಿಲ್ಲ.

ಮಾರ್ಚಿನ ಮೊದಲ ದಿನಗಳಲ್ಲಿ ಮನೆಮನೆಗೆ ಇನ್ನೊಮ್ಮೆ ಹೋಗಿ, ಈ ನಡುವೆ ಯಾರಾದರೂ ಹುಟ್ಟಿದ್ದಾರೆಯೇ, ಸತ್ತಿದ್ದಾರೆಯೇ ಎಂದು ನೋಡಿಬರಬೇಕಿತ್ತು. ಮೂರನೆಯ ಮನೆಯ ಕಟ್ಟೆಯ ಮೇಲೆ ಶಾಂತಾ ಒಬ್ಬಳೇ ಕುಳಿತಿದ್ದಳು. ಬರ್ರಿ ಎನ್ನಲಿಲ್ಲ.

“ಬಾಲವಾಡಿಗೆ ಬ್ಯಾರೆದಾಕಿ ಹೆಸರು ಹಾಕ್ಯಾರ,” ಎಂದಳು. “ಆ ಮನಿಯಾಕಿ ಹಂತ್ಯಾ ನಮ್ಮ ಮಕ್ಕಳನ್ನ ಬಿಡಂಗಿಲ್ಲ ಅಂದಾರಂತ ತಾಯಂದಿರು.”

ನಾನು ಕೈಯಲ್ಲಿದ್ದ ಫಾರಮುಗಳನ್ನು ಚೀಲದೊಳಗೆ ಇಟ್ಟೆ.

“ನೀವು ಶಾಲ್ಯಾಗ ಭಾಳ ಜಗಳಾಡಿದ್ರಂತ. ಅತ್ತಿ ಖುಷಿ ಆಗ್ಯಾಳ. ನನ್ನ ಸಲುವಾಗಿ ಒಬ್ಬಾಕಿ ಸರ್ಕಾರದ ಮಂದಿ ಕೂಡ ಜಗಳಾಡಿದಳು ಅಂತ ಲೈನಿಗೆಲ್ಲ ಹೇಳಕೋತ ತಿರಗಾಕತ್ಯಾಳ.” ಅವಳು ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿ ಬಿಚ್ಚಿದಳು. “ನನ್ನ ಸಲುವಾಗಿ ಸುಮ್ಮನಿರ್ರಿ ಅಂದಿದ್ದೆ. ಅದೊಂದು ಆಗಲಿಲ್ಲ ನಿಮ್ಮಿಂದ.”

ಬಸವಕಲ್ಯಾಣದ ನಮ್ಮ ಮನೆಗೆ ಬಾ, ತಾಯಿಗೂ ವಯಸ್ಸಾಗಿದೆ, ಮನೆಗೆಲಸ ನೋಡಿಕೊಂಡು ಇರು ಎಂದೆ. ಪರಿಹಾರವಾಗಿ ನನಗೆ ಹೊಳೆದದ್ದು ಅಷ್ಟೇ.

“ನಿಮ್ಮ ಮನಿ ಭಾಂಡೆ ತಿಕ್ಕೂದನ್ನ ಯಾವ ಸಾಲಿನ್ಯಾಗ ಬರೀತೀರಿ ಅಕ್ಕೋರ?” ಎಂದು ಕೇಳಿ ಅವಳು ಒಳಗೆ ಹೋದಳು.

ಮರುದಿನ ನಾನು ಮಂಡಳಿಯ ಅಧ್ಯಕ್ಷೆ ಸುಲೋಚನಾಬಾಯಿಯವರ ಮನೆಗೆ ಹೋದೆ. ಬೇಳೆ ವ್ಯಾಪಾರದ ಮನೆತನ. ಸಜ್ಜನಿಕೆಯ ಹೆಂಗಸು, ಚಹಾ ಕುಡಿಸಿದರು. ಶಾಂತಾ ಆ ವೃತ್ತಿಯವಳಲ್ಲ ಎಂದು ನಾನು ಹೇಳಿದ್ದನ್ನು ತಾಳ್ಮೆಯಿಂದ ಕೇಳಿದರು.

“ಇರಬಹುದ್ರಿ ಬಾಯಾರ. ಖರೇ ಇದ್ರೂ ಮಂದಿ ಬಾಯಿ ಮುಚ್ಚಲಿಕ್ಕೆ ಬರತದೇನು? ಬಾಲವಾಡಿ ಅಂತೂ ಆಗಂಗಿಲ್ಲ. ಆದ್ರ ಇನ್ನೊಂದು ದಾರಿ ಅದ. ಆ ಕೆಲಸ ಬಿಟ್ಟವರಿಗೆ ಹೊಲಿಗಿ ಮಷೀನ್ ಕೊಡಾಕತ್ತೇವಿ. ಏಪ್ರಿಲ್‌ನ್ಯಾಗ ಕಲ್ಯಾಣದಾಗ ಸಭಾ ಅದ, ದೊಡ್ಡವರು ಬರ್ತಾರ. ಆಕಿ ಬಂದು ನಾಲ್ಕು ಮಾತಾಡ್ಲಿ. ನಾ ಆ ಕೆಸರಿನ್ಯಾಗ ಇದ್ದೆ, ಈಗ ಬಿಟ್ಟೀನಿ, ಇಷ್ಟು.”

“ಆಕಿ ಆ ಕೆಲಸ ಮಾಡೇ ಇಲ್ರಿ. ಬಿಡೂದು ಏನನ್ನ?”

“ಮಾಡಿಲ್ಲಂದ್ರ ಮಷೀನ್ ಹ್ಯಾಂಗ ಕೊಡೂದು? ಅದು ಅಂಥವರ ಸಲುವಾಗಿನೇ ಬಂದದ.”

ಅವರ ಮಾತಿನಲ್ಲಿ ಕಪಟವಿರಲಿಲ್ಲ. ಮಾಡುತ್ತಾಳೆಂಬ ಸಂಶಯಕ್ಕೆ ಕೆಲಸ ತಪ್ಪಿತ್ತು. ಮಾಡಿದ್ದೇನೆಂದು ಒಪ್ಪಿಕೊಂಡರೆ ಇನ್ನೊಂದು ಸಿಗುವುದಿತ್ತು. ನಾನು ಹೋಗಿ ಅತ್ತೆ ಸೊಸೆ ಇಬ್ಬರಿಗೂ ಇದನ್ನು ಹಾಗೆಯೇ ತಿಳಿಸಿದೆ. ಶಾಂತಾಳಿಗೆ ಹೊಲಿಗೆ ಬರುತ್ತಿತ್ತು. ಮಂಠಾಳದಲ್ಲಿದ್ದಾಗ ದರ್ಜಿಯ ಹೆಂಡತಿಯ ಬಳಿ ಕಲಿತಿದ್ದಳು.

“ನಾಲ್ಕು ಮಾತಿಗೆ ಏನು ಹೋಗ್ತದ, ಅಂದು ಬಿಡು,” ಎಂದಳು ಚಂದ್ರಾಬಾಯಿ. “ಮಷೀನ್ ಕೈಗೆ ಬಂದ ಮ್ಯಾಲೆ ಯಾರು ನೆನಸ್ತಾರ?”

“ಅಂದ ಮ್ಯಾಲೆ ಅದು ನಂದೇ ಆಗ್ತದ ಅತ್ತಿ.”

“ಹಂಗಾರ ಬ್ಯಾಡ.”

“ಬ್ಯಾಡಂದ್ರ ನಾ ಮಾಡೂದೇನು?”

ಶಾಂತಾಳ ಎದುರಿಗೆ ಉಳಿದದ್ದು ಎರಡೇ: ಆ ಯಂತ್ರ, ಇಲ್ಲವೆ ಅತ್ತೆಯ ಕೋಣೆ. ಅತ್ತೆ ಒತ್ತಾಯಿಸಿದವಳಲ್ಲ. ಆದರೆ ಮೊಣಕಾಲು ನೋವಿನಿಂದ ಅವಳ ಗಿರಾಕಿಗಳು ಕಡಿಮೆಯಾಗುತ್ತಿದ್ದರು, ಇಬ್ಬರ ಹೊಟ್ಟೆ ನಡೆಯಬೇಕಿತ್ತು. ಇದು ಆ ಮನೆಯಲ್ಲಿ ಯಾರೂ ಬಾಯಿಬಿಟ್ಟು ಹೇಳದ ಮಾತಾಗಿತ್ತು.

ಏಪ್ರಿಲಿನ ಒಂದು ಭಾನುವಾರ ಸಭೆ. ಬಸವಕಲ್ಯಾಣದ ಶಾಲೆಯೊಂದರ ಅಂಗಳದಲ್ಲಿ ಶಾಮಿಯಾನ ಹಾಕಿದ್ದರು. ಬಿಸಿಲಿಗೆ ಬಟ್ಟೆಯ ಕೆಳಗೂ ಕಾವು. ಹೆಂಗಸರು ಸೆರಗಿನಿಂದ ಗಾಳಿ ಬೀಸಿಕೊಳ್ಳುತ್ತಿದ್ದರು. ವೇದಿಕೆಯ ಮೇಲೆ ಕೈಯಿಂದ ತಿರುಗಿಸುವ ಹೊಲಿಗೆ ಯಂತ್ರವೊಂದಕ್ಕೆ ಚೆಂಡುಹೂವಿನ ಹಾರ ಹಾಕಿ ಇಟ್ಟಿದ್ದರು. ಚಂದ್ರಾಬಾಯಿಯ ಜೊತೆ ನಾನು ಹಿಂದಿನ ಸಾಲಿನಲ್ಲಿ ಕುಳಿತೆ. ಶಾಂತಾ ಮುಂದಿದ್ದಳು. ಏನು ಹೇಳುತ್ತಾಳೆಂದು ನಮ್ಮಿಬ್ಬರಿಗೂ ತಿಳಿದಿರಲಿಲ್ಲ.

ಭಾಷಣಗಳು ಮುಗಿದು ಅವಳ ಹೆಸರು ಕರೆದರು. ಅವಳು ಮೈಕಿನ ಮುಂದೆ ನಿಂತು, ಪಾಠ ಒಪ್ಪಿಸುವವಳಂತೆ ನೇರವಾಗಿ ಹೇಳಿದಳು.

“ನನ್ನ ಹೆಸರು ಶಾಂತಾ. ಊರು ಮಂಠಾಳ. ಹೊಲದ ಕೂಲಿ ಮಾಡೀನಿ, ಮನಿ ಕೆಲಸ ಮಾಡೀನಿ. ನೀವು ಅನ್ನೂ ಕೆಲಸ ನಾ ಮಾಡಿಲ್ಲ. ನನಗ ಹೊಲಿಗಿ ಬರ್ತದ. ಮಷೀನ್ ಬೇಕಾಗ್ಯದ.”

ಸಭೆ ಗಲಿಬಿಲಿಗೊಂಡಿತು. ಹಾರ ಹಾಕಿದ್ದ ಯಂತ್ರದ ಮೇಲೆ ಕೈಯಿಟ್ಟಿದ್ದ ಅತಿಥಿಗಳು ಕೈ ಹಿಂದೆಗೆದರು. ಸುಲೋಚನಾಬಾಯಿಯವರು ಓಡಿ ಬಂದು ಮೈಕು ಹಿಡಿದು, “ಪಾಪ, ಅಂಜ್ಯಾಳ ಹುಡುಗಿ,” ಎಂದರು. ಶಾಂತಾಳ ಕಿವಿಯಲ್ಲಿ ಏನೋ ಹೇಳಿದರು. ಶಾಂತಾ ಇಲ್ಲವೆಂದು ತಲೆ ಅಲ್ಲಾಡಿಸಿ, ವೇದಿಕೆ ಇಳಿದು ಕಂಬದ ಹತ್ತಿರ ನಿಂತಳು. ಆಗ ನಾನು ಎದ್ದು ನಿಂತು ಏನಾದರೂ ಹೇಳಬೇಕಿತ್ತು. ಒಮ್ಮೆ ಮಾತನಾಡಿ ಕೆಡಿಸಿದ್ದೇನೆಂಬ ಅಂಜಿಕೆಯಲ್ಲಿ ಕುಳಿತೇ ಇದ್ದೆ.

ಎದ್ದವಳು ಚಂದ್ರಾಬಾಯಿ. ತಲೆಯ ಮೇಲೆ ಸೆರಗು ಹೊದ್ದು, ನೋಯುವ ಮೊಣಕಾಲು ಎಳೆಯುತ್ತ ಹೆಂಗಸರ ಸಾಲುಗಳ ನಡುವೆ ನಡೆದು ವೇದಿಕೆ ಹತ್ತಿದಳು. ಮೈಕಿನ ಮುಂದೆ ತಲೆ ಬಗ್ಗಿಸಿ ನಿಂತಳು.

“ನಾ ಚಂದ್ರಾಬಾಯಿ. ನಾ ಮಾಡೀನ್ರಿ. ಮೂವತ್ತು ವರ್ಷ ಕೆಸರಿನ್ಯಾಗ ಬಿದ್ದಿದ್ದೆ. ನೀವು ದೊಡ್ಡವರು ಕಣ್ಣು ತೆರಸಿದ್ರಿ. ಇವತ್ತಿಗೆ ಬಿಟ್ಟೀನಿ. ಆ ಮಷೀನ್ ನನಗ ಕೊಡ್ರಿ, ಪುಣ್ಯಾ ಬರ್ತದ.”

ಚಪ್ಪಾಳೆ ಬಹಳ ಹೊತ್ತು ನಿಲ್ಲಲಿಲ್ಲ. ನನ್ನ ಪಕ್ಕದ ಹೆಂಗಸು ಕಣ್ಣೊರೆಸಿಕೊಂಡಳು. ಅತಿಥಿಗಳು ಯಂತ್ರ ಕೊಟ್ಟರು, ಫೋಟೋ ತೆಗೆದರು. ತನ್ನ ಕೆಲಸವನ್ನು ಕೆಲಸವೆಂದೇ ಬರೆಯಿರಿ ಎಂದು ಹಟ ಹಿಡಿದಿದ್ದ ಹೆಂಗಸು ಅವಳೇ. ಅದನ್ನು ಕಣ್ಣಾರೆ ಕಂಡವರು ಆ ಸಭೆಯಲ್ಲಿ ಶಾಂತಾ ಮತ್ತು ನಾನು ಇಬ್ಬರೇ.

ಸಂಜೆಯ ಬಸ್ಸಿಗೆ ಮೂವರೂ ಹುಮನಾಬಾದಿಗೆ ಹೊರಟೆವು. ಯಂತ್ರಕ್ಕೆ ಲಗೇಜ್ ಟಿಕೇಟು ತೆಗೆಸಬೇಕೆಂದ ಕಂಡಕ್ಟರನಿಗೆ ಚಂದ್ರಾಬಾಯಿ, “ತೊಡಿಮ್ಯಾಗ ಕುಂತದಲ್ಲೋ ತಮ್ಮಾ, ನಿನ್ನ ಸೀಟು ತಿಂದದೇನು?” ಎಂದು ಗದರಿ ಕಳಿಸಿದಳು. ಯಂತ್ರ ಶಾಂತಾಳ ತೊಡೆಯ ಮೇಲಿತ್ತು. ನಾನು ಅವರ ಹಿಂದಿನ ಸೀಟಿನಲ್ಲಿದ್ದೆ. ಬಸ್ಸು ಹೆದ್ದಾರಿಗೆ ಸೇರಿತು.

“ಬಿಟ್ಟೆ ಅಂದ್ಯಲ್ಲ ಅತ್ತಿ, ಖರೇನಾ?” ಎಂದು ಶಾಂತಾ ಕೇಳಿದಳು.

“ಯಾಕ ಬಿಡ್ಲಿ? ನಿನ್ನ ಮಷೀನ್ ನಡಿಯೂತನಕ ಹೊಟ್ಟಿಗೆ ಏನು ತಿನ್ನೂದು?”

“ಮತ್ತ ಹಂಗ್ಯಾಕ ಅಂದಿ? ನನಗ ಶರಮ್ ಇಲ್ಲ ಅಂತಿದ್ದಿ. ಇವತ್ತು ಅಷ್ಟು ಮಂದಿ ಮುಂದ ತೆಲಿ ಬಗ್ಗಿಸಿ ನಿಂತಿ.”

“ಏನಾತು? ಅವರಿಗೆ ಬೇಕಾದದ್ದು ಅಂದೆ, ನಮಗ ಬೇಕಾದದ್ದು ತಂದೆ. ಮೂವತ್ತು ವರ್ಷ ನಾ ಇದನ್ನೇ ಮಾಡೀನಿ.”

ನನಗೆ ನಗು ಬಂತು. ಶಾಂತಾ ನಗಲಿಲ್ಲ. ಯಂತ್ರದ ಚಕ್ರ ಅಲುಗಾಡದಂತೆ ಅಂಗೈಯಿಂದ ಒತ್ತಿ ಹಿಡಿದಳು.

“ಇನ್ನೊಮ್ಮೆ ನನ್ನ ಸಲುವಾಗಿ ಹಂಗ ಅನಬ್ಯಾಡ ಅತ್ತಿ,” ಎಂದಳು.

ಚಂದ್ರಾಬಾಯಿ ಕಿಟಕಿಯ ಕಡೆ ಮುಖ ತಿರುಗಿಸಿಕೊಂಡು, ಹುಮನಾಬಾದ್ ಬರುವವರೆಗೆ ಹೊರಗೆ ನೋಡುತ್ತಲೇ ಇದ್ದಳು. ಹಿಂದಿನ ಸೀಟಿನಿಂದ ನನಗೆ ಕಾಣುತ್ತಿದ್ದದ್ದು ಅವಳ ತಲೆಯ ಮೇಲಿನ ಸೆರಗು ಮಾತ್ರ. ಅತ್ತಳೋ ಇಲ್ಲವೋ ನಾನು ನೋಡಿಲ್ಲ, ಆದ್ದರಿಂದ ಬರೆಯುವುದಿಲ್ಲ.